ಬಿಬಿಎಗೆ ಮನೆ ನೋಡುವ ಶಾಸ್ತ್ರ

ಹೋಟೆಲಿನಲ್ಲಿ ಮಾಣಿ ಬಂದು ‘ಏನ್ ಕೊಡ್ಲಿ ಸಾರ್?’ ಎಂದ ಕೂಡಲೇ ತಟ್ಟನೆ ಉತ್ತರ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯಭಕ್ತಿ. ನಾನು ‘ಏನೇನಿದೆ?’ ಎಂದು ಕೇಳುವವನು. ಅವನು ಇಡ್ಲಿಯಿಂದ ಶುರುಮಾಡಿ ಒಂದೇ ಉಸಿರಿನಲ್ಲಿ ಕಾಫಿಯವರೆಗೆ ಹೇಳಿ ಮುಗಿಸುತ್ತಾನೆ. ನಾನು ಇನ್ನೊಮ್ಮೆ ಹೇಳಿಸುತ್ತೇನೆ. ಕೊನೆಗೆ ಪಕ್ಕದ ಟೇಬಲ್ಲಿನವರ ತಟ್ಟೆ ನೋಡಿ ‘ಅವರಿಗೆ ಕೊಟ್ಟಿದ್ದನ್ನೇ ಕೊಡಪ್ಪ’ ಎನ್ನುತ್ತೇನೆ. ಅವರ ತಟ್ಟೆಯಲ್ಲಿ ಗರಿಗರಿಯಾಗಿ ಕಂಡ ದೋಸೆ ನನ್ನ ತಟ್ಟೆಗೆ ಬರುವ ಹೊತ್ತಿಗೆ ಯಾಕೋ ಮೆತ್ತಗಾಗಿರುತ್ತದೆ. ಆದರೂ ಆರಿಸಿದ ತಪ್ಪು ನನ್ನದಲ್ಲ, ಅವರದು ಎಂಬ ಸಮಾಧಾನವೊಂದಿದೆಯಲ್ಲ, ಅದು ದೋಸೆಗಿಂತ ರುಚಿ.

ಈ ಗುಣಕ್ಕೆ ತಕ್ಕ ನೌಕರಿಯನ್ನೂ ದೇವರು ಕೊಟ್ಟ. ಮನೆ ಗುಬ್ಬಿಯಲ್ಲಿ. ಕೆಲಸ ಒಂದು ಸರ್ಕಾರಿ ಕಚೇರಿಯಲ್ಲಿ, ಪ್ರಥಮ ದರ್ಜೆ ಸಹಾಯಕ. ಯಾವ ಕಚೇರಿ, ಯಾವ ಊರಿನದು ಎಂದು ಹೇಳುವುದಿಲ್ಲ. ನಿಮ್ಮದೂ ಒಂದು ಕಡತ ಅಲ್ಲಿ ಕೂತಿರಬಹುದು, ಸುಮ್ಮನೆ ಮನಸ್ತಾಪ ಯಾಕೆ. ನಮ್ಮಲ್ಲೊಂದು ಅಮೃತವಾಕ್ಯವಿದೆ. ಕಡತವನ್ನು ಪೂರ್ತಿ ಓದಿ, ಪರವಾಗಿ ಎರಡು ಮಾತು, ವಿರುದ್ಧವಾಗಿ ಎರಡು ಮಾತು ಬರೆದು, ಕೊನೆಯಲ್ಲಿ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಸಹಿ ಹಾಕಿ ಮೇಲಕ್ಕೆ ಕಳಿಸಿದರೆ ನನ್ನ ಕರ್ತವ್ಯ ಮುಗಿಯಿತು. ಮೇಲಿನವರು ಅದರ ಮೇಲೆ ‘ಚರ್ಚಿಸಿ’ ಎಂದು ಬರೆದು ಕೆಳಕ್ಕೆ ಕಳಿಸುತ್ತಾರೆ. ಯಾರ ಜೊತೆ ಚರ್ಚಿಸಬೇಕು, ಚರ್ಚಿಸಿ ಏನು ಮಾಡಬೇಕು ಎನ್ನುವುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೀಗೆ ಸರ್ವೀಸಿನ ಉದ್ದಕ್ಕೂ ನಾನು ಒಂದೇ ಒಂದು ತಪ್ಪು ನಿರ್ಧಾರ ತೆಗೆದುಕೊಂಡಿಲ್ಲ. ಸರಿಯಾದದ್ದನ್ನೂ ತೆಗೆದುಕೊಂಡಿಲ್ಲ ಎನ್ನುವುದು ಬೇರೆ ಮಾತು.

ಮದುವೆಯಲ್ಲೂ ಅಷ್ಟೇ. ಹೆಣ್ಣು ನೋಡಲು ಹೋದಾಗ ಹಿರಿಯರೆಲ್ಲ ‘ಏನಪ್ಪಾ, ಒಪ್ಪಿಗೆನಾ?’ ಎಂದರು. ನಾನು ನನ್ನ ಅಕ್ಕನ ಮುಖ ನೋಡಿದೆ. ಅಕ್ಕ ತಲೆಯಾಡಿಸಿದಳು, ನಾನೂ ಆಡಿಸಿದೆ. ಆ ಹೆಣ್ಣೇ ಗಿರಿಜ, ನನ್ನ ಹೆಂಡತಿ. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ಒಳ್ಳೆಯ ಮನಸ್ಸಿನಲ್ಲಿದ್ದಾಗ ಅವಳು ‘ರೀ, ಅವತ್ತು ನನ್ನ ನೋಡಿ ನಿಮಗೇನನ್ನಿಸ್ತು?’ ಎಂದು ಕೇಳಿದಳು. ‘ಅಕ್ಕ ಒಪ್ಪಿದ್ಲಲ್ಲ’ ಎಂದುಬಿಟ್ಟೆ. ಆ ವಾರವಿಡೀ ನಮ್ಮ ಮನೆಯ ಸಾರಿಗೆ ಉಪ್ಪಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೂ ಇರಲಿಲ್ಲ.

ಇಂಥ ನನಗೆ ಒಬ್ಬಳೇ ಮಗಳು, ಚಂದನ. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡು ಚೆನ್ನಾಗಿ ಓದಿ ಪಾಸು ಮಾಡಿ, ಮುಂದೆ ಬಿಬಿಎ ಮಾಡುತ್ತೇನೆ ಎಂದಳು. ಅದೇನು ಆಶ್ಚರ್ಯವಲ್ಲ. ಗಿರಿಜ ಮನೆಯಲ್ಲೇ ಹೋಳಿಗೆ ಮಾಡಿ ಆರ್ಡರಿಗೆ ಕೊಡುತ್ತಾಳೆ. ಹೈಸ್ಕೂಲಿನ ದಿನದಿಂದಲೂ ಗಿರಾಕಿಗಳ ಜೊತೆ ಮಾತಾಡುವವಳು ಚಂದನಳೇ. ‘ಆಂಟಿ, ನಾಮಕರಣಕ್ಕೆ ಬೇಳೆ ಹೋಳಿಗೆ ಬೇಡ, ಕಾಯಿ ಹೋಳಿಗೆ ತಗೊಳ್ಳಿ, ಉಳಿದ್ರೂ ನಾಳೆಗೆ ಕೆಡಲ್ಲ’ ಎಂದು ಅವಳು ಫೋನಿನಲ್ಲಿ ಹೇಳುವುದನ್ನು ಕೇಳುತ್ತಿದ್ದರೆ ಇವಳಿಗೆ ಈ ಧೈರ್ಯ ನನ್ನಿಂದಂತೂ ಬಂದದ್ದಲ್ಲ ಎಂದು ಖಾತ್ರಿಯಾಗುತ್ತಿತ್ತು. ಹೋಳಿಗೆಯನ್ನು ತುಮಕೂರಿನ ಅಂಗಡಿಗಳಿಗೆಲ್ಲ ಹಾಕಬೇಕು, ಅದಕ್ಕೊಂದು ಹೆಸರಿಡಬೇಕು ಎನ್ನುವುದು ಅವಳ ಆಸೆ. ಬಿಬಿಎ ಎಂದಾಗ ನಾನೂ ಖುಷಿಯಿಂದ ಹೂಂ ಎಂದೆ, ಯಾಕೆಂದರೆ ಅದು ಅವಳೇ ಮಾಡಿಕೊಂಡು ಬಂದ ನಿರ್ಧಾರ.

ಕಷ್ಟ ಶುರುವಾದದ್ದು ಎರಡು ಯೂನಿವರ್ಸಿಟಿಗಳು ಒಟ್ಟಿಗೆ ‘ಬಾಮ್ಮ’ ಎಂದಾಗ. ಒಂದು ತುಮಕೂರಿನಲ್ಲೇ ಇರುವುದು, ಹಳೆಯದು. ಅದರ ಮೊದಲ ಕಟ್ಟಡಕ್ಕೆ ಇನ್ನೂ ಹೆಂಚಿನ ಮಾಡು. ಗುಬ್ಬಿಯಿಂದ ಬೆಳಿಗ್ಗೆ ರೈಲು ಹತ್ತಿ ಸಂಜೆ ಮನೆಗೆ ಬರಬಹುದು. ಇನ್ನೊಂದು ಕುಣಿಗಲ್ ದಾಟಿ ಬೆಂಗಳೂರಿನ ಕಡೆ ಹೆದ್ದಾರಿಯ ಪಕ್ಕದಲ್ಲಿ ಹೊಸದಾಗಿ ಎದ್ದಿರುವುದು. ಎತ್ತ ನೋಡಿದರೂ ಗಾಜು. ಅಲ್ಲಿಗೆ ಸೇರಿದರೆ ಹಾಸ್ಟೆಲಿನಲ್ಲೇ ಇರಬೇಕು. ನಮ್ಮ ಮನೆಯಲ್ಲಿ ಇವುಗಳಿಗೆ ‘ಹೆಂಚಿಂದು’, ‘ಗಾಜಿಂದು’ ಎಂದೇ ಹೆಸರಾಯಿತು. ಎರಡು ಕಡೆಯೂ ಸೀಟು ಖಚಿತ ಮಾಡಲು ಮುಂದಿನ ಸೋಮವಾರವೇ ಕೊನೆಯ ದಿನ. ಅಷ್ಟರಲ್ಲಿ ಹೇಳದಿದ್ದರೆ ಎರಡೂ ಕೈಬಿಟ್ಟು ಹೋಗುತ್ತಿದ್ದವು.

‘ಅಪ್ಪ, ಯಾವುದಕ್ಕೆ ಸೇರ್ಲಿ?’ ಎಂದಳು ಚಂದನ. ‘ನಿನ್ನಿಷ್ಟ ಕಣಮ್ಮ’ ಎಂದೆ. ಹಾಗೆಂದಾಗ ನನ್ನ ಎದೆ ಸ್ವಲ್ಪ ಉಬ್ಬಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಮಕ್ಕಳ ಮೇಲೆ ನಿಮ್ಮ ಆಸೆ ಹೇರಬೇಡಿ ಎಂದು ಪತ್ರಿಕೆಯಲ್ಲಿ ಬರೆಯುತ್ತಾರೆ, ಟೀವಿಯಲ್ಲಿ ಹೇಳುತ್ತಾರೆ. ನಮ್ಮಪ್ಪನ ಕಾಲದಲ್ಲಿ ‘ಸೇರು ಅಂದ್ರೆ ಸೇರು’ ಅಷ್ಟೇ ಇತ್ತು. ನಾನು ಎಷ್ಟು ಸುಧಾರಿಸಿದ ತಂದೆ ಎಂದು ನನಗೇ ಹೆಮ್ಮೆಯಾಯಿತು. ಮಾರನೆಯ ದಿನ ಮತ್ತೆ ಕೇಳಿದಳು. ಗಾಜಿನದರ ಪರವಾಗಿ ಎರಡು ಮಾತು, ಹೆಂಚಿನದರ ಪರವಾಗಿ ಎರಡು ಮಾತು ಹೇಳಿ, ‘ಅಮ್ಮನ ಹತ್ರಾನೂ ಒಂದು ಮಾತು ಕೇಳು’ ಎಂದೆ. ಒಲೆಯ ಮುಂದಿದ್ದ ಗಿರಿಜ ತಿರುಗಿಯೂ ನೋಡದೆ, ‘ಅವರನ್ನೇನೆ ಕೇಳ್ತೀಯ, ಈ ಕುಕ್ಕರನ್ನ ಕೇಳು. ಒಂದು ವಿಷಲ್ಲಾದ್ರೂ ಹಾಕುತ್ತೆ’ ಎಂದಳು.

ಚಂದನ ನಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದಳು. ‘ಅಪ್ಪ, ನನಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ. ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ? ನಿನ್ನಿಷ್ಟ ಅಂದ್ರೆ ಏನರ್ಥ ಹೇಳಿ. ನಾಳೆ ಹಾಳಾದ್ರೆ ನಿನ್ನ ತಪ್ಪು, ನನ್ನನ್ನ ಕೇಳಬೇಡ ಅಂತ ತಾನೇ? ನಾನೇನು ನಿಮ್ಮ ಆಫೀಸಿನ ಫೈಲಾ?’ ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮಗಳು ಸುಳ್ಳು ಹೇಳಿದ್ದರೆ ಬೈದು ಸುಮ್ಮನಿರಿಸಬಹುದಿತ್ತು. ಅವಳು ಹೇಳಿದ್ದು ಅಕ್ಷರಶಃ ನಿಜ. ಮೂರು ವರ್ಷದ ಬದುಕನ್ನು ಕೈಯಲ್ಲಿ ಹಿಡಿದುಕೊಂಡು ನಿಂತ ಹುಡುಗಿ, ಅಪ್ಪ ಏನಾದರೂ ಹೇಳಿಯಾನು ಎಂದು ಕಾಯುತ್ತಿದ್ದಾಳೆ. ಅಪ್ಪ ಉಪಕಾರ ಮಾಡಿದವನ ಹಾಗೆ ದೂರ ನಿಂತುಬಿಟ್ಟಿದ್ದಾನೆ. ನಾಚಿಕೆಯಾಯಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ. ನಾಚಿಕೆಯಾದ ಮೇಲೂ ನಾನು ಮಾಡಿದ್ದೇನು? ಕಡತವನ್ನು ಮೇಲಕ್ಕೆ ಕಳಿಸಿದೆ. ಕುಣಿಗಲ್ಲಿನ ಅಕ್ಕನಿಗೆ ಫೋನು ಮಾಡಿದೆ.

ನನ್ನ ಅಕ್ಕ ನಂಜಮ್ಮ ಸಂಬಂಧ ಕೂಡಿಸುವುದರಲ್ಲಿ ಎತ್ತಿದ ಕೈ. ಕುಣಿಗಲ್ಲಿನಿಂದ ಯಡಿಯೂರಿನವರೆಗೆ ಅವಳು ಕೂಡಿಸಿದ ಜೋಡಿಯಿಲ್ಲದ ಬೀದಿ ಕಡಿಮೆ. ಅವಳ ಆಯ್ಕೆಗಳೆಲ್ಲ ಸರಿಯಾದವು ಎಂದೇನಲ್ಲ. ಕೆಲವು ಕೆಟ್ಟಿವೆ. ಹಾಗೆ ಕೆಟ್ಟಾಗ ಹೆಣ್ಣಿನ ಕಡೆಯವರು ನೇರವಾಗಿ ಅವಳ ಮನೆಗೆ ಬಂದು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಅಕ್ಕ ಅವರಿಗೆ ಕಾಫಿ ಕೊಟ್ಟು, ಎದುರಿಗೆ ಕೂತು ಪೂರ್ತಿ ಬೈಸಿಕೊಂಡು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಆ ಗಂಡಿನ ಮನೆಗೆ ಪಂಚಾಯ್ತಿಗೆ ಹೊರಡುತ್ತಾಳೆ. ‘ನಾ ನೋಡಿದ್ ಸಂಬಂಧ ಕಣ್ಲಾ, ನಾನಲ್ದೆ ಇನ್ಯಾರು ಬೈಸ್ಕಬೇಕು?’ ಎನ್ನುತ್ತಾಳೆ. ವಿಷಯವನ್ನೆಲ್ಲ ಕೇಳಿ, ‘ಎಲ್ಡು ಮನೆಯೋರು ಕೇಳವ್ರೆ ಅನ್ನು’ ಎಂದಳು. ‘ಮನೆಯಲ್ಲ ಅಕ್ಕ, ಯೂನಿವರ್ಸಿಟಿ’ ಎಂದೆ. ‘ಯಾವ್ದಾದ್ರೇನ್ಲಾ? ಮೂರು ವರ್ಷ ನಮ್ ಕೂಸು ಅಲ್ಲಿ ಬಾಳಬೇಕೋ ಬ್ಯಾಡ್ವೋ? ಮನೆ ನೋಡ್ದೆ ಹೆಣ್ಣು ಕೊಡಾಕಾಯ್ತದಾ? ಗುರುವಾರ ಒಳ್ಳೆ ದಿನ, ರಜ ಹಾಕು’ ಎಂದು ಫೋನಿಟ್ಟಳು.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುವುದುಂಟು. ಮದುವೆ ಮಾಡಿದ ಎಲ್ಲರಿಗೂ ಗೊತ್ತಿರುವ ವಿಷಯವೇ. ಬೆಸ ಸಂಖ್ಯೆಯಲ್ಲಿ ಹೋಗಬೇಕು. ನೀರು, ಕೊಟ್ಟಿಗೆ, ಅಡುಗೆಮನೆ ಎಲ್ಲ ಕಣ್ಣಲ್ಲೇ ಅಳೆಯಬೇಕು. ಅಕ್ಕಪಕ್ಕದವರನ್ನು ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯ, ಕಾಫಿ ತಿಂಡಿ ಏನು ಕೊಟ್ಟರೂ ತಿನ್ನಬಹುದು, ಒಪ್ಪಿಗೆಯಾಗುವವರೆಗೆ ಅನ್ನ ಮಾತ್ರ ಮುಟ್ಟಬಾರದು. ಅನ್ನ ಉಂಡರೆ ಮಾತು ಕೊಟ್ಟ ಹಾಗೆ. ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಹಸಿದ ಹೊಟ್ಟೆಯಲ್ಲೇ ಎದ್ದು ಬರಬೇಕು. ನಾನು, ಗಿರಿಜ, ಚಂದನ, ಅಕ್ಕ ಸೇರಿ ಸರಿ ಸಂಖ್ಯೆಯಾಗುತ್ತದೆ ಎಂದು ಅಕ್ಕ ಭಾವನನ್ನೂ ಹೊರಡಿಸಿದಳು. ಭಾವ ಕುದುರೆ ಫಾರಂನಲ್ಲಿ ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುತ್ತ ದುಡಿದು ನಿವೃತ್ತರಾದವರು. ಮಾತು ಬಹಳ ಕಡಿಮೆ. ಎದುರಿಗೆ ಯಾರೇ ಬರಲಿ, ಮೊದಲು ಹಲ್ಲು ನೋಡುವುದು ಅವರ ಅಭ್ಯಾಸ. ಅವರ ಹಳೆಯ ವ್ಯಾನಿನಲ್ಲಿ ನಮ್ಮ ದಿಬ್ಬಣ ಹೊರಟಿತು.

ಹೆಂಚಿನದರಲ್ಲಿ ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ಅಂಗಳದ ನಲ್ಲಿಯನ್ನು ಅಕ್ಕ ತಿರುಗಿಸಿ ನೋಡಿದಳು, ನೀರು ಬಂತು. ‘ನೀರದೆ’ ಎಂದಳು. ಹೆಣ್ಣುಮಕ್ಕಳ ಶೌಚಾಲಯ ನೋಡಿಕೊಂಡು ಬಂದು ‘ವಾಸಿ’ ಎಂದಳು. ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರನ್ನು ‘ಸಾಮಿ, ನಿಮ್ಮಲ್ಲಿ ಪಾಠ ಹೆಂಗೆ?’ ಎಂದು ಕೇಳಿದಳು. ಅವರು ತಲೆಯೆತ್ತದೆ ‘ಎಂಟನೇ ರೂಮಲ್ಲಿ ವಿಚಾರಿಸಿ’ ಎಂದರು. ಎಂಟನೇ ರೂಮಿಗೆ ಬೀಗ ಹಾಕಿತ್ತು. ನನಗಂತೂ ಆ ಗುಮಾಸ್ತರನ್ನು ಕಂಡು ಬಂಧುಪ್ರೇಮ ಉಕ್ಕಿತು. ಅಕ್ಕ ಮಾತ್ರ ವ್ಯಾನು ಹತ್ತುವಾಗ, ‘ಬಾಗ್ಲಿಗೆ ಬಂದೋರ್ಗೆ ಒಂದ್ ಲೋಟ ನೀರು ಬೇಕಾ ಅನ್ನಲಿಲ್ಲ. ಬಲು ಗತ್ತಿನ ಮನೆ ಕಣ್ಲಾ’ ಎಂದಳು.

ಗಾಜಿನದರಲ್ಲಿ ಇದಕ್ಕೆ ತದ್ವಿರುದ್ಧ. ಬಾಗಿಲಲ್ಲೇ ಗುಲಾಬಿ ಹೂ ಕೊಟ್ಟರು, ತಣ್ಣನೆಯ ಏಸಿ ಕೋಣೆಯಲ್ಲಿ ಕೂರಿಸಿ ಹಣ್ಣಿನ ರಸ ಕೊಟ್ಟರು. ಟೈ ಕಟ್ಟಿಕೊಂಡ ಒಬ್ಬ ಹುಡುಗ ನಮ್ಮ ಉಸ್ತುವಾರಿಗೆ ನಿಂತ. ಭಾವ ಅವನ ಹಲ್ಲು ನೋಡಿ ‘ಇನ್ನೂ ಎಳೇವ್ನು’ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಕ್ಕನ ಮುಖ ಗಂಟಿಕ್ಕಿತು. ‘ಗಂಡಿನೋರು ಇಷ್ಟೊಂದು ಉಪಚಾರ ಮಾಡ್ತಾವ್ರೆ ಅಂದ್ರೆ ಗಂಡಲ್ಲಿ ಏನೋ ಐಬದೆ’ ಎಂದು ಗಿರಿಜಳಿಗೆ ಪಿಸುಗುಟ್ಟಿದಳು. ಹುಡುಗ, ‘ನಮ್ಮ ಕ್ಯಾಂಪಸ್ ಅಂದ್ರೆ ಒಂದು ಫ್ಯಾಮಿಲಿ ಇದ್ದಂಗೆ ಮೇಡಂ’ ಎಂದ. ಅಕ್ಕ ತಕ್ಷಣ, ‘ಅಂಗಾರೆ ಯಜಮಾನ್ಕೆ ಯಾರ್ದಪ್ಪಾ?’ ಎಂದಳು. ಹುಡುಗ ತಬ್ಬಿಬ್ಬಾದ. ‘ಅಲ್ಲ ಮಗ, ಫ್ಯಾಮಿಲಿ ಅಂದ್ಯಲ್ಲ. ರಾತ್ರಿ ಮಗೀಗೆ ಹೊಟ್ಟೆನೋವು ಬಂದ್ರೆ ಯಾರ್ ಬಾಗ್ಲು ಬಡೀಬೇಕು? ಅವ್ರನ್ನ ಕರಿ, ಮಕ ನೋಡ್ಬೇಕು’ ಎಂದಳು. ಅವನು ಓಡಿಹೋಗಿ ಹಾಸ್ಟೆಲಿನ ವಾರ್ಡನ್ನರನ್ನು ಕರೆತಂದ. ಅಕ್ಕ ಆ ತಾಯಿಯ ಕೈ ಹಿಡಿದುಕೊಂಡು ಊರು, ಮಕ್ಕಳು ಎಲ್ಲ ವಿಚಾರಿಸಿ, ‘ಈಯಮ್ಮ ಪರವಾಗಿಲ್ಲ’ ಎಂದು ತೀರ್ಪು ಕೊಟ್ಟಳು. ಚಂದನ ನಾಚಿಕೆಯಿಂದ ಕಂಬದ ಮರೆಗೆ ಸರಿದಿದ್ದಳು. ಆಮೇಲೆ ಒಂದು ಕೋಣೆ ತೋರಿಸಿದರು. ಗೋಡೆ ತುಂಬ ಪರದೆಗಳು, ಅದರಲ್ಲಿ ಷೇರುಗಳ ಬೆಲೆ ಹರಿದಾಡುತ್ತಿತ್ತು. ಚಂದನಳ ಮುಖ ಅರಳಿತು. ‘ಚೆನ್ನಾಗಿದೆ ಅಲ್ವಾ ಅಪ್ಪ?’ ಎಂದಳು. ‘ಚೆನ್ನಾಗಿದೆ. ಆದ್ರೆ ಅದೂ ಚೆನ್ನಾಗೇ ಇತ್ತು’ ಎಂದೆ. ಅವಳು ಮುಖ ತಿರುಗಿಸಿಕೊಂಡಳು.

ಮಧ್ಯಾಹ್ನವಾಯಿತು. ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು ಎಂದ ಹುಡುಗ. ಅಕ್ಕ ಕೈ ಮುಗಿದು, ‘ಊರಿಗೆ ಹೋಗಿ ತಿಳಿಸ್ತೀವಪ್ಪ’ ಎಂದಳು. ಬೆಳಿಗ್ಗೆ ಅವಸರದಲ್ಲಿ ಹೊರಟಿದ್ದರಿಂದ ನಾನು ಸರಿಯಾಗಿ ತಿಂಡಿ ತಿಂದಿರಲಿಲ್ಲ. ಫೋನು ಬಂದವನ ಹಾಗೆ ಕಿವಿಗೆ ಮೊಬೈಲು ಹಿಡಿದು ಹೊರಗೆ ಬಂದೆ. ಕಾಲು ತಾನಾಗಿಯೇ ಘಮಲು ಬಂದ ಕಡೆ ಹೋಯಿತು. ಅಲ್ಲಿ ಬಫೆ. ಬಫೆಯಷ್ಟು ನನ್ನ ಸ್ವಭಾವಕ್ಕೆ ಒಗ್ಗುವ ವ್ಯವಸ್ಥೆ ಇನ್ನೊಂದಿಲ್ಲ. ಯಾವುದು ಬೇಕು ಎಂದು ಯಾರೂ ಕೇಳುವುದಿಲ್ಲ, ಎಲ್ಲವನ್ನೂ ಹಾಕಿಸಿಕೊಳ್ಳಬಹುದು. ಬಿಸಿಬೇಳೆಬಾತು ಅನ್ನವಲ್ಲ, ಒಂದು ರೀತಿಯ ತಿಂಡಿ ಎಂದು ಮನಸ್ಸಿಗೆ ಹೇಳಿಕೊಂಡು ತಿಂದೆ. ಮೊಸರನ್ನಕ್ಕೆ ಯಾವ ನೆಪವೂ ಹೊಳೆಯಲಿಲ್ಲ. ಹಾಗೇ ತಿಂದೆ. ಬಾಯಿ ಒರೆಸಿಕೊಂಡು ಬಂದು ಏನೂ ಆಗದವನ ಹಾಗೆ ನಿಂತುಕೊಂಡೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೀಳ್ಕೊಡುವಾಗ ಆ ಟೈ ಹುಡುಗ ಸಂತೋಷದಿಂದ, ‘ನೀವೆಲ್ಲ ಊಟ ಮಾಡಲಿಲ್ಲ, ಬೇಜಾರಾಯ್ತು ಮೇಡಂ. ಸದ್ಯ ಸರ್ ಮಾಡಿದ್ರು. ಮೊಸರನ್ನ ಇನ್ನೊಂದ್ ಸಲ ಹಾಕಿಸ್ಕೊಂಡ್ರು’ ಎಂದುಬಿಟ್ಟ.

ಭಾವ ವ್ಯಾನನ್ನು ನೇರ ಕುಣಿಗಲ್ಲಿನ ತಮ್ಮ ಮನೆಗೆ ಓಡಿಸಿದರು. ಮನೆಯ ಜಗಲಿಯಲ್ಲಿ ಕೂತ ಮೇಲೆ ಅಕ್ಕ ಬಾಯಿ ಬಿಟ್ಟಳು. ‘ಉಂಡ್ಬುಟ್ಟಲ್ಲೋ!’ ಎಂದಳು. ‘ಅಕ್ಕ, ಅದು ಕ್ಯಾಂಟೀನು’ ಎಂದೆ. ‘ಕ್ಯಾಂಟೀನೋ ಕಲ್ಯಾಣಮಂಟಪಾನೋ, ಹೆಣ್ಣಿನ ಅಪ್ಪನಾಗಿ ಅವ್ರ ಮನೇಲಿ ಅನ್ನ ಉಂಡ್ಯೋ ಇಲ್ವೋ? ಮಾತು ಕೊಟ್ಟಂಗಾಯ್ತು. ನನ್ ಜನ್ಮದಾಗೆ ಕೊಟ್ಟ ಮಾತಿಗೆ ತಪ್ಪಿಲ್ಲ ನಾನು. ಸಿದ್ಧಲಿಂಗೇಶ್ವರನ ಮ್ಯಾಗಾಣೆ, ಇನ್ನು ಕೂಸು ಅಲ್ಲಿಗೇ ಹೋಗ್ಬೇಕು’ ಎಂದಳು. ಗಿರಿಜ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಚಂದನ ಮೊದಲು ನಕ್ಕಳು. ‘ಅತ್ತೆ, ಅಪ್ಪ ಮೊಸರನ್ನ ತಿಂದಿದ್ದಕ್ಕೆ ನಾನು ಅಲ್ಲಿಗೆ ಸೇರ್ಬೇಕಾ?’ ಎಂದಳು. ಅಕ್ಕ ‘ಯಾಕವ್ವ, ನಿಂಗೊಪ್ಪಿಗೆ ಇಲ್ವಾ?’ ಎಂದಾಗ ಅವಳ ನಗು ನಿಂತುಹೋಯಿತು. ‘ಗೊತ್ತಿಲ್ಲ ಅತ್ತೆ. ಅದೇ ಗೊತ್ತಾಗ್ತಿಲ್ಲ ನಂಗೆ. ಯಾರೂ ಹೇಳ್ತಾನೂ ಇಲ್ಲ’ ಎಂದು ಅತ್ತೇಬಿಟ್ಟಳು.

ಸೋದರಸೊಸೆ ಅತ್ತದ್ದನ್ನು ನೋಡಿ ಅಕ್ಕನ ಗಟ್ಟಿತನವೆಲ್ಲ ಕರಗಿತು. ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು ತಲೆ ಸವರಿದಳು. ಆದರೆ ಶಾಸ್ತ್ರವನ್ನು ಬಿಡುವುದು ಹೇಗೆ? ಆಗ ಬೆಳಗಿನಿಂದ ಒಂದೇ ಒಂದು ಮಾತಾಡಿದ್ದ ಭಾವ, ‘ಅಲ್ಲ ಕಣೇ, ಇವ್ನು ಎಲ್ಡೂ ಕಡೆ ಉಂಡ್ರೆ?’ ಎಂದರು. ಅಕ್ಕ ಕಣ್ಣು ಮುಚ್ಚಿ ಯೋಚಿಸಿದಳು. ಯಾವ ಹೈಕೋರ್ಟಿನಲ್ಲೂ ಅಷ್ಟು ಗಂಭೀರವಾದ ಮೌನವಿರಲಾರದು. ‘ಎಲ್ಡೂ ಕಡೆ ಉಂಡ್ರೆ ಮಾತಿಗ್ ಮಾತು ವಜಾ’ ಎಂದಳು ಕೊನೆಗೆ. ‘ಶನಿವಾರ ಹೋಗಿ ಆ ತುಮಕೂರಿಂದ್ರಲ್ಲೂ ಉಂಡ್ಬಾ. ಹೊಟ್ಟೆ ತುಂಬ ಉಣ್ಬೇಕು. ಕೂಸ್ನೂ ಕರ್ಕೊಂಡೋಗು. ಆಮ್ಯಾಕೆ ಅಪ್ಪ ಮಗಳು ಕೂತ್ಕಂಡು ಅದೇನು ಅಂತ ತೀರ್ಮಾನ ಮಾಡಿ. ನನ್ನ ಕೇಳ್ಬ್ಯಾಡ. ಹೆತ್ತೋನು ನೀನು, ಬೈಸ್ಕೊಳೋ ಸರದಿ ನಿಂದು’ ಎಂದಳು. ಕಡತ ಕೆಳಕ್ಕೆ ಬಂತು.

ಅದು ಎರಡನೇ ಶನಿವಾರ, ಕಚೇರಿಗೆ ರಜೆ. ನಾನೂ ಚಂದನಳೂ ರೈಲಿನಲ್ಲಿ ತುಮಕೂರಿಗೆ ಹೋಗಿ ಹೆಂಚಿನದರ ಕ್ಯಾಂಟೀನು ಹುಡುಕಿಕೊಂಡು ಹೋದೆವು. ಅಲ್ಲಿ ಶನಿವಾರದ ಊಟದ ಜವಾಬ್ದಾರಿ ಬಿಬಿಎ ಎರಡನೇ ವರ್ಷದ ಮಕ್ಕಳದಂತೆ. ತರಕಾರಿ ತರುವುದು, ಅಡುಗೆಯವರಿಗೆ ಅಳತೆ ಹೇಳುವುದು, ಬಡಿಸುವುದು, ಕಾಸು ತೆಗೆದುಕೊಳ್ಳುವುದು ಎಲ್ಲ ಅವರೇ. ಅವತ್ತು ಅನ್ನ, ಸೊಪ್ಪಿನ ಸಾರು, ಹಪ್ಪಳ. ನಮ್ಮ ಸರದಿ ಬರುವ ಹೊತ್ತಿಗೆ ಸಾರು ತಳ ಕಂಡಿತು. ನಮ್ಮ ಹಿಂದೆ ಇನ್ನೂ ಉದ್ದಕ್ಕೆ ಜನ. ‘ನೀನೇ ಕಣೋ ಸಾಕು ಅಂದಿದ್ದು’ ಎಂದು ಒಬ್ಬಳು, ‘ಹೋದ ವಾರ ಉಳಿದಾಗ ಬೈದಿದ್ದು ಯಾರೇ’ ಎಂದು ಒಬ್ಬ ಸೌಟು ಹಿಡಿದುಕೊಂಡೇ ಜಗಳಕ್ಕೆ ನಿಂತರು. ಕಾಸಿನ ಪೆಟ್ಟಿಗೆಯ ಮುಂದಿದ್ದ ಹುಡುಗಿಗೆ ಅಳು ಒತ್ತರಿಸಿ ಬರುತ್ತಿತ್ತು. ಅಳಲಿಲ್ಲ. ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿ, ‘ಸರ್, ಸಾರು ಖಾಲಿಯಾಯ್ತು. ಮಜ್ಜಿಗೆ, ಉಪ್ಪಿನಕಾಯಿ ಹಾಕ್ತೀನಿ, ಕಾಸು ಕಮ್ಮಿ ತಗೋತೀವಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ’ ಎಂದಳು. ಮೂಲೆಯಲ್ಲಿ ಅವರ ಅಧ್ಯಾಪಕಿ ತಾವೂ ಮಜ್ಜಿಗೆ ಅನ್ನ ತಿನ್ನುತ್ತ ಎಲ್ಲವನ್ನೂ ನೋಡುತ್ತ ಕೂತಿದ್ದರು. ‘ಮೇಡಂ, ನೀವು ಮೊದಲೇ ಒಂದು ಮಾತು ಹೇಳಬಾರದಾ?’ ಎಂದೆ. ‘ಹೋದ ವಾರ ಅನ್ನ ಉಳೀತು, ಈ ವಾರ ಸಾರು ಸಾಲಲಿಲ್ಲ. ಮುಂದಿನ ವಾರ ಸರಿಹೋಗಬಹುದು. ಹೋಗದೇನೂ ಇರಬಹುದು’ ಎಂದು ನಕ್ಕು ಅವರು ತಟ್ಟೆ ತೊಳೆಯಲು ಹೋದರು.

ಊಟ ಮುಗಿಸಿ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಇಲ್ಲಿ ನಿಮಗೊಂದು ನಿಜ ಹೇಳಿಬಿಡುತ್ತೇನೆ. ನನಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಹೆಂಚಿನದೇ. ಅದಕ್ಕೂ ಓದಿಗೂ ಏನೇನೂ ಸಂಬಂಧವಿಲ್ಲ. ಇಲ್ಲಿಗೆ ಸೇರಿದರೆ ಮಗಳು ಸಂಜೆ ಮನೆಗೆ ಬರುತ್ತಾಳೆ. ಅಷ್ಟೇ. ಬಾಯಿ ಬಿಟ್ಟರೆ ಈ ಸ್ವಾರ್ಥವೇ ಬುದ್ಧಿವಾದದ ವೇಷ ಹಾಕಿಕೊಂಡು ಹೊರಗೆ ಬಂದೀತು ಎಂಬ ಹೆದರಿಕೆಯಿಂದಲೂ ನಾನು ‘ನಿನ್ನಿಷ್ಟ’ ಎಂದು ತಪ್ಪಿಸಿಕೊಂಡದ್ದು. ಈಗ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಾರು ಅಳೆಯಲೂ ಬಾರದ ಈ ಜಾಗಕ್ಕೆ, ಬರೀ ನನ್ನ ಸಂಜೆಯ ಸಮಾಧಾನಕ್ಕಾಗಿ ಇವಳನ್ನು ತಂದು ಹಾಕುವುದು ನ್ಯಾಯವಲ್ಲ ಅನ್ನಿಸಿತು. ‘ಗಾಜಿನದಕ್ಕೆ ಸೇರು’ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ‘ಇದು ನನ್ನ ಅಭಿಪ್ರಾಯ. ಅಲ್ಲಿ ಎಲ್ಲ ಅಚ್ಚುಕಟ್ಟಾಗಿದೆ, ಮುಂದೆ ಕೆಲಸಕ್ಕೂ ಅನುಕೂಲ, ಆ ವಾರ್ಡನ್ನೂ ಒಳ್ಳೆಯವರು. ಹೋಗು. ತಪ್ಪಾದ್ರೆ ನನ್ನ ಬೈಯಿ’ ಎಂದೆ.

ಅವಳು ನನ್ನ ಕಡೆ ತಿರುಗಿ ಕೂತಳು. ‘ನಿಮಗೆ ಬೇಕಾಗಿರೋದೂ ಅದೇನಾ?’ ಎಂದು ಕೇಳಿದಳು. ‘ನನಗೆ ಬೇಕಾಗಿರೋದು ನೀನು ಮನೇಲಿರೋದು. ಅದನ್ನ ಲೆಕ್ಕಕ್ಕೆ ಇಟ್ಕೋಬೇಡ’ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಅವಳ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು ಬಂತು. ‘ಥ್ಯಾಂಕ್ಸ್ ಅಪ್ಪ. ನೀವು ಗಾಜಿನದಕ್ಕೆ ಸೇರು ಅಂದ್ರಲ್ಲ, ಅವಾಗ ನಂಗೆ ಅಯ್ಯೋ ಬೇಡ ಅಂತ ಅನ್ನಿಸ್ತು. ಯಾರಾದ್ರೂ ಹೇಳೋವರೆಗೂ ಅದು ಗೊತ್ತೇ ಆಗಿರಲಿಲ್ಲ ನೋಡಿ. ನಾನು ಇಲ್ಲೇ ಸೇರ್ತೀನಿ’ ಎಂದಳು. ನಾನು ಹೌಹಾರಿದೆ. ‘ಇಲ್ಲಿಗಾ? ಇವರಿಗೆ ಸಾರು ಎಷ್ಟು ಮಾಡ್ಬೇಕು ಅಂತಾನೇ ಗೊತ್ತಿಲ್ವಲ್ಲೇ!’ ಎಂದೆ. ‘ಅದಕ್ಕೇ ಅಪ್ಪ. ಅಲ್ಲಿ ಎಲ್ಲಾನೂ ಆಗಲೇ ಸರಿಯಾಗಿದೆ, ನಾವು ನೋಡ್ತಾ ನಿಂತ್ಕೋಬೇಕು. ಇಲ್ಲಿ ತಪ್ಪು ಮಾಡೋಕೆ ಬಿಡ್ತಾರೆ. ಅಮ್ಮನ ಹೋಳಿಗೇಲಿ ನಾನು ತಪ್ಪು ಮಾಡಿದ್ರೆ ಅಮ್ಮನ ಹೆಸರು ಹೋಗುತ್ತೆ. ಇಲ್ಲಿ ಮಾಡಿದ್ರೆ ಸಾರು ತಾನೇ ಹೋಗೋದು? ಆ ಹುಡುಗಿ ಅಳು ನುಂಗ್ಕೊಂಡು ಮಜ್ಜಿಗೆ ಹಾಕಿದ್ಲಲ್ಲ, ನಾನು ಅದನ್ನ ಕಲೀಬೇಕು’ ಎಂದಳು.

ಈಗ ನೀವೇ ಹೇಳಿ. ನನಗೆ ಬೇಕಾದದ್ದೇ ಆಯಿತು. ಮಗಳು ತಾನಾಗಿಯೇ, ನನ್ನ ಸ್ವಾರ್ಥದ ಸೋಂಕಿಲ್ಲದೆ, ಸಂಜೆ ಮನೆಗೆ ಬರುವ ಯೂನಿವರ್ಸಿಟಿಯನ್ನೇ ಆರಿಸಿಕೊಂಡಳು. ನಾನು ಅಲ್ಲೇ ಕುಣಿದಾಡಬೇಕಾಗಿತ್ತು. ಅದರ ಬದಲು ನನಗೆ ಕೆಂಡದಂಥ ಸಿಟ್ಟು ಬಂತು! ಜೀವಮಾನದಲ್ಲಿ ಮೊಟ್ಟಮೊದಲ ಸಲ ಒಂದು ಅಭಿಪ್ರಾಯ ಕೊಟ್ಟಿದ್ದೇನೆ, ಕೊಟ್ಟ ಬಾಯಿ ಇನ್ನೂ ಮುಚ್ಚಿಲ್ಲ, ಅಷ್ಟರಲ್ಲಿ ತಿರಸ್ಕಾರ! ಗುಬ್ಬಿಗೆ ವಾಪಸು ಬರುವ ರೈಲಿನುದ್ದಕ್ಕೂ ಗಾಜಿನದರ ಗುಣಗಾನ ಮಾಡಿದೆ. ಅವಳು ಕಿಟಕಿಯಾಚೆ ನೋಡುತ್ತ ನಗುತ್ತಿದ್ದಳು. ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ‘ಏನಾಯ್ತ್ರೀ?’ ಎಂದಳು ಗಿರಿಜ. ‘ನಾನು ಹೇಳಿದ್ದು ಕೇಳಲಿಲ್ಲ ಇವಳು’ ಎಂದೆ. ‘ನಿಮಗೆ ಬೇಕಾಗಿದ್ದೂ ಹೆಂಚಿಂದೇ ಅಲ್ವಾ?’ ‘ಹೌದು.’ ‘ಮತ್ತೆ?’ ನಾನು ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ. ಅಕ್ಕ ಫೋನಿನಲ್ಲಿ, ‘ಉಂಡ್ಬಾ ಅಂದಿದ್ಕೇ ಅಲ್ವೇನ್ಲಾ ಇತ್ಯರ್ಥ ಆಗಿದ್ದು’ ಎಂದು ಎಲ್ಲ ಕೀರ್ತಿಯನ್ನೂ ತಾನೇ ತೆಗೆದುಕೊಂಡಳು.

ಚಂದನ ಸೇರಿ ಈಗ ಕೆಲವು ತಿಂಗಳಾಗಿವೆ. ಬಾಯಿ ಬಿಡುವ ರುಚಿ ನನಗೂ ಹತ್ತಿದೆ. ಅವಳು ಎಲ್ಲಕ್ಕೂ ‘ಅಪ್ಪ, ನಿಮಗೇನನ್ಸುತ್ತೆ?’ ಎಂದು ಕೇಳುತ್ತಾಳೆ. ನಾನು ಕೂಡಲೇ, ಖಡಾಖಂಡಿತವಾಗಿ ಹೇಳುತ್ತೇನೆ. ಅವಳು ಶ್ರದ್ಧೆಯಿಂದ ಕೇಳಿಸಿಕೊಂಡು, ಅದಕ್ಕೆ ಎದುರಾದದ್ದು ಯಾವುದೋ ಅದನ್ನು ಮಾಡುತ್ತಾಳೆ, ಬಹಳಷ್ಟು ಸಲ ಅದು ಸರಿಯಾಗಿಯೂ ಇರುತ್ತದೆ. ಸಂಜೆಯ ರೈಲಿನಲ್ಲಿ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ಕೂತು ಅವತ್ತಿನ ತಪ್ಪುಗಳನ್ನೆಲ್ಲ ಅವಳು ಅಮ್ಮನಿಗೆ ಹೇಳಿ ನಗುವಾಗ, ಇವಳು ಹಾಸ್ಟೆಲಿನಲ್ಲಿದ್ದಿದ್ದರೆ ಈ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ಯೋಚಿಸುತ್ತೇನೆ. ‘ಹೆಂಚಿನದಕ್ಕೆ ಸೇರಿದ್ದೇ ಒಳ್ಳೇದಾಯ್ತು ಕಣಮ್ಮ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬರುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದ ಮೇಲೆ ಅವಳು ಎತ್ತ ತಿರುಗುತ್ತಾಳೆ ಎನ್ನುವುದು ಈಗ ನನಗೆ ಗೊತ್ತು. ಅದಕ್ಕೇ ಪ್ರತಿ ಸಂಜೆ, ಕಾಫಿ ಲೋಟ ಹಿಡಿದುಕೊಂಡು, ಮನೆಗೆಲ್ಲ ಕೇಳಿಸುವ ಹಾಗೆ ‘ಏನೇ ಹೇಳು, ನೀನು ಆ ಗಾಜಿನದಕ್ಕೇ ಸೇರಬೇಕಾಗಿತ್ತು’ ಎಂದು ಹೇಳುತ್ತೇನೆ.